ಒಂದೇ ಬಂದೂಕು: ಯಾವುದು, ಏಕೆ?

೧೮೫೭ರಲ್ಲಿ ಜನರು ತಮ್ಮ ಆಯುಧಗಳನ್ನು ಒಪ್ಪಿಸಬೇಕೆಂದು ಆಂಗ್ಲ ಸರಕಾರವು ಆಜ್ಞೆ ಮಾಡಿದಾಗ, ರಾಯಬಾಗಕ್ಕೆ ದೂರವಲ್ಲದ ಮುಧೋಳ ಸಂಸ್ಥಾನದಲ್ಲಿ ಹಲಗಲಿಯ ಬೇಡರು ಅದನ್ನು ಧಿಕ್ಕರಿಸಿ ನಿಂತರು. ಬೇಟೆಯನ್ನು ನಂಬಿ ಬದುಕಿದವರಿಗೆ ಆಯುಧವನ್ನು ಕಳೆದುಕೊಳ್ಳುವುದೆಂದರೆ ಅನ್ನವನ್ನೇ ಕಳೆದುಕೊಂಡಂತೆ. ಇಂದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯ ಒಕ್ಕಲಿಗನು ಬಂದೂಕನ್ನು ನೆನೆಯುವುದು ಬೆಳೆಯ ಕಾವಲಿಗಾಗಿ. ಆದರೂ ತರುಣರಲ್ಲಿ ಒಂದು ಪ್ರಶ್ನೆ ಆಗಾಗ ಏಳುತ್ತದೆ: ವಿಪತ್ಕಾಲದಲ್ಲಿ ಬೇಟೆಯಿಂದಲೇ ಹೊಟ್ಟೆ ಹೊರೆಯಬೇಕಾಗಿ ಬಂದರೆ, ಒಂದೇ ಒಂದು ಬಂದೂಕನ್ನು ಆರಿಸುವುದಾದರೆ, ಯಾವುದನ್ನು ಆರಿಸಬೇಕು? ಇದನ್ನು ನಾವು ಭೌತಶಾಸ್ತ್ರದ ಬೆಳಕಿನಲ್ಲಿ ವಿಚಾರಿಸೋಣ.

ಎರಡು ಬಗೆಯ ನಳಿಗೆ

ರೈಫಲ್ಲಿನ ನಳಿಗೆಯೊಳಗೆ ತಿರುಪಿನಂತೆ ಸುತ್ತಿಹೋಗುವ ತೋಡುಗೆರೆಗಳಿರುತ್ತವೆ. ಅವುಗಳಿಂದಾಗಿ ಗುಂಡು ತನ್ನ ಅಕ್ಷದ ಸುತ್ತ ಭರದಿಂದ ತಿರುಗುತ್ತ ಹೊರಬೀಳುತ್ತದೆ. ತಿರುಗುವ ಬುಗುರಿಯು ವಾಲದೆ ನಿಲ್ಲುವಂತೆ, ತಿರುಗುವ ಗುಂಡೂ ಮಗುಚಿಕೊಳ್ಳದೆ ನೇರವಾಗಿ ಬಹುದೂರ ಸಾಗುತ್ತದೆ.

ಇನ್ನೊಂದು ಬಗೆಯ ಬಂದೂಕಿನ ನಳಿಗೆ ಒಳಗೆ ನುಣುಪಾಗಿರುತ್ತದೆ. ಅದರ ತೋಟಾದಲ್ಲಿ ಸಾಮಾನ್ಯವಾಗಿ ಸಣ್ಣ ಸಣ್ಣ ಸೀಸದ ಚರೆಗಳಿರುತ್ತವೆ. ೧೨ ಬೋರಿನ ಬಂದೂಕು ಇದರಲ್ಲಿ ಪ್ರಸಿದ್ಧವಾದುದು. ನಳಿಗೆಯ ಒಳವ್ಯಾಸಕ್ಕೆ ಸರಿಹೊಂದುವ ಸೀಸದ ಗುಂಡುಗಳು ಹನ್ನೆರಡು ಸೇರಿದರೆ ಒಂದು ಪೌಂಡು ತೂಗುತ್ತವೆಂಬುದೇ ಆ ಹೆಸರಿನ ಅರ್ಥ. ಆ ವ್ಯಾಸವು ಸುಮಾರು ೧೮.೫ ಮಿಲಿಮೀಟರು.

ಶಕ್ತಿಯ ಲೆಕ್ಕ

ಚಲಿಸುವ ವಸ್ತುವಿನ ಶಕ್ತಿಯು ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದಷ್ಟು. ಪಾಯಿಂಟ್ ೨೨ ರೈಫಲ್ಲಿನ ೨.೬ ಗ್ರಾಮಿನ ಗುಂಡು ಸೆಕೆಂಡಿಗೆ ಸುಮಾರು ೩೩೦ ಮೀಟರು ವೇಗದಿಂದ ಹೊರಟರೆ ಅದರ ಶಕ್ತಿ ಸುಮಾರು ೧೪೦ ಜೂಲ್. ೧೨ ಬೋರಿನ ೩೨ ಗ್ರಾಮು ಚರೆಯು ೩೭೦ ಮೀಟರು ವೇಗದಿಂದ ಹೊರಟರೆ ಸುಮಾರು ೨,೨೦೦ ಜೂಲ್. ಆದರೆ ಈ ಶಕ್ತಿಯು ಸುಮಾರು ೩೦೦ ಚರೆಗಳಲ್ಲಿ ಹಂಚಿಹೋದಾಗ ಒಂದೊಂದರ ಪಾಲಿಗೆ ಬರುವುದು ಏಳು ಜೂಲ್ ಮಾತ್ರ!

ಮೇಲಾಗಿ ಚಿಕ್ಕ ಚರೆಯನ್ನು ಗಾಳಿ ಬೇಗನೆ ತಡೆಯುತ್ತದೆ. ವ್ಯಾಸ ಅರ್ಧವಾದರೆ ಗಾಳಿಗೆ ಒಡ್ಡಿದ ಮುಖವು ನಾಲ್ಕನೆಯ ಒಂದು ಪಾಲಾಗುತ್ತದೆ. ತೂಕವಾದರೋ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ತೂಕಕ್ಕೆ ಹೋಲಿಸಿದಾಗ ತಡೆಯು ಇಮ್ಮಡಿಯಾಯಿತಷ್ಟೆ. ಆದುದರಿಂದ ಇಂಥ ಚರೆಯು ೩೫-೪೦ ಮೀಟರಿನಾಚೆ ಬೇಟೆಗೆ ನಿರುಪಯೋಗಿ. ಸುಮಾರು ೨೦೦ ಮೀಟರಿನೊಳಗೆ ನೆಲಕ್ಕೆ ಬೀಳುತ್ತದೆ. ಆ ಪುಟ್ಟ ರೈಫಲ್ಲಿನ ಗುಂಡಾದರೋ ಒಂದೂವರೆ ಕಿಲೋಮೀಟರಿನಷ್ಟು ದೂರ ಹೋಗಬಲ್ಲದು.

ಈ ಭೇದದಲ್ಲಿ ಜೀವಗಳ ಪ್ರಶ್ನೆ ಅಡಗಿದೆ. ಕೃಷ್ಣೆಯ ದಂಡೆಯ ನಾಡು ಬಹುಮಟ್ಟಿಗೆ ಬಯಲು. ಆಳೆತ್ತರದ ಕಬ್ಬಿನ ಆಚೆಗೆ ಕಳೆ ಕೀಳುವವರಿದ್ದಾರೆಯೋ, ಬಂಡಿ ಬರುತ್ತಿದೆಯೋ ಕಾಣುವುದಿಲ್ಲ. ತಡೆಯುವ ಗುಡ್ಡವಿಲ್ಲದಿರುವಲ್ಲಿ, ಗುರಿ ತಪ್ಪಿದ ಗುಂಡು ಮುಂದಿನ ಊರನ್ನೇ ಮುಟ್ಟೀತು.

ನಮ್ಮ ಆಯ್ಕೆ

ಹೀಗೆ ವಿಚಾರಿಸಿದರೆ ಒಂಟಿ ನಳಿಗೆಯ ೧೨ ಬೋರಿನ ಬಂದೂಕೇ ಮೇಲೆನ್ನಬೇಕಾಗುತ್ತದೆ. ತೋಟಾ ಬದಲಿಸಿದರೆ ಅದೇ ಬಂದೂಕು ಕೌಜುಗಕ್ಕೂ ಆದೀತು, ಹಂದಿಗೂ ಆದೀತು. ಅದರ ರಚನೆ ಸರಳ. ಕೆಡುವ ಭಾಗಗಳು ಕಡಮೆ. ಆದರೆ ದಪ್ಪ ಚರೆ ಮತ್ತು ಒಂಟಿ ಗುಂಡು ಸಣ್ಣ ಚರೆಗಿಂತ ಬಹಳ ದೂರ ಹೋಗುತ್ತವೆಂಬುದನ್ನು ಮರೆಯಬಾರದು. ೧೯೫೯ರ ಆಯುಧ ಕಾಯಿದೆಯೂ ರಕ್ಷಣೆಗಾಗಿ ೨೦ ಅಂಗುಲಕ್ಕೆ ಕಡಮೆಯಿಲ್ಲದ ನುಣುಪು ನಳಿಗೆಯ ಬಂದೂಕನ್ನೂ, ಬೆಳೆಯ ಕಾವಲಿಗಾಗಿ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನೂ ಪ್ರತ್ಯೇಕವಾಗಿ ಹೆಸರಿಸಿದೆ. ಲೈಸೆನ್ಸು ಮಾತ್ರ ಎರಡಕ್ಕೂ ಬೇಕು.

ಹೊಟ್ಟೆಯ ಲೆಕ್ಕ

ಬಂದೂಕಿನ ಆಯ್ಕೆ ಮುಗಿಯಿತು; ಆದರೆ ಅದು ಹೊಟ್ಟೆ ತುಂಬಿಸೀತೆ? ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಈ ತಾಲೂಕುಗಳ ಅನೇಕ ಊರುಗಳನ್ನು ಮುಳುಗಿಸಿದವು. ನಮ್ಮ ಸೀಮೆಯ ನಿಜವಾದ ವಿಪತ್ತು ಇಂಥದು. ಅಂಥ ಹೊತ್ತಿನಲ್ಲಿ ಮನೆ ಬಿಡುವವನು ನಾಲ್ಕು ಕಿಲೋ ಭಾರವನ್ನಷ್ಟೇ ಹೊರಬಲ್ಲನೆಂದು ಭಾವಿಸೋಣ. ಮೂರು ಕಿಲೋ ಬಂದೂಕು ಮತ್ತು ಇಪ್ಪತ್ತೈದು ತೋಟಾಗಳಿಗೇ ಆ ಭಾರ ತೀರಿತು. ಒಂದು ಮೊಲದಿಂದ ದೊರೆಯುವ ಒಂದು ಕಿಲೋ ಮಾಂಸದಲ್ಲಿ ಸುಮಾರು ೧,೧೦೦ ಕ್ಯಾಲೊರಿ ಇರುತ್ತದೆ. ಒಂದು ಕಿಲೋ ಜೋಳದಲ್ಲಿ ೩,೩೦೦. ನಾಲ್ಕು ಕಿಲೋ ಜೋಳವು ದಿನಕ್ಕೆ ೨,೨೦೦ರಂತೆ ಒಬ್ಬನಿಗೆ ಆರು ದಿನ ಸಾಕು. ಅಷ್ಟನ್ನೇ ಬೇಟೆಯಿಂದ ಗಳಿಸಲು ಹನ್ನೆರಡು ಮೊಲ ಬೇಕು. ಅವನ್ನು ಬೇಯಿಸಲು ಸುರಿಮಳೆಯಲ್ಲಿ ಒಣಗಿದ ಕಟ್ಟಿಗೆಯೂ ಬೇಕು. ಕಡಕ ರೊಟ್ಟಿಗೂ ಬೆಲ್ಲಕ್ಕೂ ಬೆಂಕಿಯ ಹಂಗಿಲ್ಲ.

ಅದೂ ಅಲ್ಲದೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿದೆ. ತನ್ನ ಅಥವಾ ಪರರ ಪ್ರಾಣರಕ್ಷಣೆಗಾಗಿ ಸದ್ಭಾವದಿಂದ ಕೊಂದರೆ ಅಪರಾಧವಲ್ಲ; ಆದರೆ ಹಾಗೆ ಸತ್ತ ಪ್ರಾಣಿ ಸರಕಾರದ ಸ್ವತ್ತು, ಅಡುಗೆಮನೆಯದಲ್ಲ.

ಆದುದರಿಂದ ನಮ್ಮ ಉತ್ತರವು ಎರಡು ಮಾತಿನದು. ಒಂದೇ ಬಂದೂಕೆಂದರೆ ನುಣುಪು ನಳಿಗೆಯದು. ಆದರೆ ನೆರೆ ಬಂದಾಗ ಕೈ ಮೊದಲು ಹೋಗಬೇಕಾದುದು ಗೋಡೆಯ ಬಂದೂಕಿಗಲ್ಲ, ರೊಟ್ಟಿಯ ಬುಟ್ಟಿಗೆ. ವಾಚಕರು ತಮ್ಮ ಮನೆಯ ಮಂದಿಯನ್ನು ಎಣಿಸಿ, ಆರು ದಿನಕ್ಕೆ ಎಷ್ಟು ಜೋಳ ಬೇಕೆಂಬುದನ್ನು ತಾವೇ ಲೆಕ್ಕ ಹಾಕಿ ನೋಡಲಿ.