ಫೈಬರ್ ಟಾಪಿಗೆ ತೂತು ಹೊಡೆಯುವ ಮುನ್ನ

ಪಿಕಪ್ ಗಾಡಿಗೆ ಫೈಬರ್ ಟಾಪ್ ಕೂರಿಸಿಕೊಂಡವರ ನಾಲ್ಕು ಪತ್ರಗಳಿಗೆ ಈ ಸಲ ಉತ್ತರ. ಊರು ನಾಲ್ಕಾದರೂ ತೊಂದರೆಯ ಮೂಲ ಒಂದೇ: ಭಾರ ಹೊರಬೇಕಾದದ್ದು ಬೋಲ್ಟು ಮತ್ತು ಪಟ್ಟಿ, ನೀರು ತಡೆಯಬೇಕಾದದ್ದು ಸೀಲಂಟ್. ಒಂದರ ಕೆಲಸವನ್ನು ಇನ್ನೊಂದಕ್ಕೆ ಹಚ್ಚಿದಾಗ ಎರಡೂ ಕೆಡುತ್ತವೆ.

ಪ್ರಶ್ನೆ: ಟಾಪಿನ ಮೇಲೆ ಕಬ್ಬಿಣದ ಕ್ಯಾರಿಯರ್ ಇಟ್ಟು ಸ್ಕ್ರೂ ಹೊಡೆಸೇನ್ರಿ. ಸ್ವಲ್ಪ ದಿನದಾಗ ಎಲ್ಲಾ ಸಡ್ಲಾಗಿ ಗಡಗಡ ಅನ್ನಾಕತ್ತೈತಿ. ಇನ್ನೂ ದಪ್ಪ ಸ್ಕ್ರೂ ಹಾಕಿದ್ರ ನಿಲ್ತೈತೇನ್ರಿ?
— ಪಿಕಪ್ ಮಾಲೀಕರು, ಬೈಲಹೊಂಗಲ

ಉತ್ತರ: ನಿಲ್ಲುವುದಿಲ್ಲ. ತೂತು ಮಾತ್ರ ಇನ್ನಷ್ಟು ದೊಡ್ಡದಾಗುತ್ತದೆ. ಫೈಬರ್ ಅಂದರೆ ಗಾಜಿನ ಎಳೆಗಳ ಚಾಪೆಗೆ ಪಾಲಿಯೆಸ್ಟರ್ ರೆಸಿನ್ ಕುಡಿಸಿ ಗಟ್ಟಿ ಮಾಡಿದ ಹಾಳೆ, ಹೊರಮೈಗೆ ಜೆಲ್‌ಕೋಟಿನ ಹೊಳಪು. ಕಬ್ಬಿಣದಂತೆ ಇದು ಸ್ಕ್ರೂವಿನ ಗೀರನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಗಾಡಿ ಅದುರಿದಷ್ಟೂ ತೂತಿನ ಅಂಚು ಪುಡಿಯಾಗುತ್ತದೆ.

ಆರ್‌ಪಾರ್ ಹೋಗುವ 6 ಮಿ.ಮೀ. ಸ್ಟೇನ್‌ಲೆಸ್ ಬೋಲ್ಟು ಹಾಕಿಸಿ. ಒಳಗಡೆ ಪ್ರತಿ ಬೋಲ್ಟಿಗೂ 3 ಮಿ.ಮೀ. ದಪ್ಪದ, ಕನಿಷ್ಠ ಅಂಗೈ ಅಗಲದ ಅಲ್ಯೂಮಿನಿಯಂ ಪಟ್ಟಿ ಕೊಡಿಸಿ. ಎರಡು ಬೋಲ್ಟಿಗೆ ಒಂದೇ ಉದ್ದನೆಯ ಪಟ್ಟಿಯಾದರೆ ಇನ್ನೂ ಒಳ್ಳೆಯದು. ಪಟ್ಟಿಯ ಮೂಲೆಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿಸಿ, ಚೂಪು ಮೂಲೆ ಫೈಬರ್ ಕೊರೆಯುತ್ತದೆ. ಮೇಲೆ ಅಗಲ ವಾಷರ್, ಕೆಳಗೆ ನೈಲಾನ್ ಬಳೆ ಇರುವ ಲಾಕ್‌ನಟ್. ಕ್ಯಾರಿಯರಿನ ಕಾಲು ಟಾಪಿನ ನಟ್ಟನಡುವೆ ಬೇಡ, ಗೋಡೆ ಮೇಲೇಳುವ ಅಂಚಿನ ಹತ್ತಿರ ಬರಲಿ. ನಡುಭಾಗ ಬಾಗುತ್ತದೆ, ಅಂಚು ತಡೆಯುತ್ತದೆ.

ಇನ್ನೊಂದು ಮಾತು. ಗಾಡಿಯ ಮೂಲ ರಚನೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 52 ಕಟ್ಟುಪಾಡು ಹಾಕುತ್ತದೆ. ಕೆಲಸಕ್ಕೆ ಮೊದಲೇ ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಳ್ಳಿ. ನಿಮ್ಮದು ಕೆಎ-24 ಗಾಡಿಯಾದರೆ ಕಚೇರಿ ನಿಮ್ಮೂರಲ್ಲೇ ಇದೆ.

ಪ್ರಶ್ನೆ: ಬೋಲ್ಟು, ಪಟ್ಟಿ ಎಲ್ಲವೂ ಸರಿಯಾಗಿವೆ. ಪ್ರತಿ ಮಳೆಗಾಲಕ್ಕೂ ಬೋಲ್ಟಿನ ಸುತ್ತ ಸಿಲಿಕಾನ್ ಬಳಿಸುತ್ತೇನೆ. ಆದರೂ ಒಳಗೆ ಹನಿ ಬೀಳುತ್ತದೆ. ಯಾವ ಕಂಪನಿಯ ಸಿಲಿಕಾನ್ ಒಳ್ಳೆಯದು?
— ಒಬ್ಬ ಓದುಗರು, ಕಿತ್ತೂರು

ಉತ್ತರ: ಕಂಪನಿ ಬದಲಿಸಿ ಉಪಯೋಗವಿಲ್ಲ, ಹಚ್ಚುವ ಜಾಗ ಬದಲಿಸಬೇಕು. ಸೀಲಂಟ್ ಇರಬೇಕಾದದ್ದು ಕ್ಯಾರಿಯರಿನ ಕಾಲಿನ ಅಡಿಗೆ ಮತ್ತು ತೂತಿನ ಬಾಯಿಗೆ. ಹೊರಗಿನಿಂದ ಬಳಿದದ್ದು ಬಿಸಿಲಿಗೆ, ಅದುರಿಗೆ ಅಂಚು ಬಿಡುತ್ತದೆ. ಆ ಸಂದಿಯಲ್ಲಿ ನೀರು ನಿಂತು ತಾನಾಗಿಯೇ ಒಳದಾರಿ ಹುಡುಕುತ್ತದೆ. ಹುಳಿ ವಾಸನೆ ಹೊಡೆಯುವ ಸಿಲಿಕಾನ್ ಆದರೆ ಲೋಹವನ್ನೂ ತಿನ್ನುತ್ತದೆ. ಮಲೆನಾಡಿನ ಸೆರಗಿಗಿರುವ ನಿಮ್ಮೂರಿನ ಜಿಟಿಜಿಟಿ ಮಳೆಗೆ ಈ ತೇಪೆ ತಡೆಯದು.

ಎಲ್ಲ ಬಿಚ್ಚಿ. ಹಳೆಯ ಸಿಲಿಕಾನನ್ನು ಬ್ಲೇಡಿನಿಂದ ಕೆರೆದು, ಮರಳು ಕಾಗದದಿಂದ ಉಜ್ಜಿ, ಅಸಿಟೋನ್ ಬಟ್ಟೆಯಿಂದ ಒರೆಸಿ. ಸಿಲಿಕಾನಿನ ಒಂದು ಪದರ ಉಳಿದರೂ ಅದರ ಮೇಲೆ ಬೇರೇನೂ ಹಿಡಿಯುವುದಿಲ್ಲ. ಆಮೇಲೆ ದಪ್ಪ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ತೂತಿನ ಮೇಲಂಚನ್ನು ಸ್ವಲ್ಪ ಇಳಿಜಾರು ಮಾಡಿ. ಬೋಲ್ಟಿನ ಕುತ್ತಿಗೆಯ ಸುತ್ತ ಸೀಲಂಟ್ ಉಂಗುರದಂತೆ ಕೂರುವುದು ಈ ತಗ್ಗಿನಲ್ಲೇ. ಪಿಯು ಸೀಲಂಟ್ ಅಥವಾ ಬ್ಯುಟೈಲ್ ಟೇಪ್ ಬಳಸಿ. ಮುಂದೆಂದಾದರೂ ಬಿಚ್ಚಬೇಕಾದೀತು ಅನ್ನಿಸಿದರೆ ಬ್ಯುಟೈಲೇ ಸರಿ, ಪಿಯು ಒಮ್ಮೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ.

ಪಿಯು ಹಾಕಿದರೆ ಮೊದಲು ಹಗುರವಾಗಿ ಬಿಗಿಯಿರಿ. ಸುತ್ತಲೂ ಸೀಲಂಟ್ ಉಕ್ಕಿ ಬಂದರೆ ಸಾಕು. ಒಮ್ಮೆಲೇ ಜೋರಾಗಿ ಬಿಗಿದರೆ ಎಲ್ಲ ಹೊರಬಿದ್ದು ಒಳಗೆ ಏನೂ ಉಳಿಯದು. ಒಂದೆರಡು ದಿನ ಒಣಗಲು ಬಿಟ್ಟು ಪೂರಾ ಬಿಗಿಯಿರಿ. ಆಗ ಮೇಲಿನ ಬೋಲ್ಟನ್ನು ಪಾನಾದಿಂದ ಅಲುಗಾಡದಂತೆ ಹಿಡಿದು ಕೆಳಗಿನ ನಟ್ ಮಾತ್ರ ತಿರುಗಿಸಿ. ಬೋಲ್ಟು ತಿರುಗಿತೋ, ಒಣಗಿದ ಸೀಲಂಟ್ ಹರಿದು ಮೊದಲಿನ ಕಥೆಯೇ. ಒಳಬದಿಗೆ ಸೀಲಂಟ್ ಬಳಿಯಬೇಡಿ. ಸೋರಿದರೆ ಕಣ್ಣಿಗೆ ಕಾಣಲಿ.

ಪ್ರಶ್ನೆ: ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದಾಗ ಗಾಡಿ ನಿಲ್ಲಿಸಿ ಮಿರ್ಚಿ-ಭಜಿ ಅಂಗಡಿ ಹಾಕತೀವ್ರಿ. ದೀಪಕ್ಕ ಸೋಲಾರ್ ಪ್ಯಾನೆಲ್ ಟಾಪ್ ಮ್ಯಾಲೆ ಅಂಟಿಸಿದ್ರ ನಡೀತೈತೇನ್ರಿ? ಒಲಿ ಹೊಗಿಗೆ ಟಾಪಿಗೇ ಕೊಳವಿ ಬಿಡಬಹುದೇನ್ರಿ?
— ಅಂಗಡಿಕಾರರು, ಸವದತ್ತಿ

ಉತ್ತರ: ಎರಡನೆಯದು ಮೊದಲು: ಬೇಡವೇ ಬೇಡ. ಪಾಲಿಯೆಸ್ಟರ್ ಫೈಬರ್ ಬಿಸಿಗೆ ಮೆತ್ತಗಾಗುತ್ತದೆ, ಹೊತ್ತಿಕೊಂಡರೆ ದಟ್ಟ ಕರಿಹೊಗೆ ಬಿಡುತ್ತದೆ. ಕಾದ ಎಣ್ಣೆ, ಗ್ಯಾಸು, ಸುತ್ತ ಭಕ್ತರ ನೂಕುನುಗ್ಗಲು. ಒಲೆಯನ್ನು ಗಾಡಿಯ ಹೊರಗೇ ಹೂಡಿ.

ಪ್ಯಾನೆಲ್ ಹಾಕಬಹುದು. ಗಾಜಿನ 100 ವಾಟ್ ಪ್ಯಾನೆಲ್ಲಿನ ತೂಕ ಸುಮಾರು 7–8 ಕಿಲೋ, ಅದು ದೊಡ್ಡದಲ್ಲ. ಓಡುವ ಗಾಡಿಯಲ್ಲಿ ಗಾಳಿ ಅದನ್ನು ಕೆಳಗಿನಿಂದ ಎತ್ತುತ್ತದೆ, ಭಯ ಇರುವುದು ಅಲ್ಲಿ. ಅಂಟಿನ ಮೇಲಷ್ಟೇ ಭಾರ ಬಿಡದೆ ನಾಲ್ಕೂ ಮೂಲೆಗೆ ಕ್ಲಾಂಪ್ ಕೊಟ್ಟು, ಮೇಲೆ ಹೇಳಿದಂತೆ ಪಟ್ಟಿ ಸಮೇತ ಬೋಲ್ಟು ಹಾಕಿ. ಪ್ಯಾನೆಲ್ ಅಡಿಗೆ ಎರಡು ಬೆರಳಷ್ಟು ಸಂದಿ ಇರಲಿ. ಗಾಳಿಯಾಡದೆ ಕಾದರೆ ಕರೆಂಟು ಕಡಿಮೆ ಬರುತ್ತದೆ. ವೈರನ್ನು ಚಾವಣಿಗೆ ತೂತು ಹೊಡೆದು ಇಳಿಸದೆ, ಪಕ್ಕದ ಗೋಡೆಯಿಂದ ಕೇಬಲ್ ಗ್ಲ್ಯಾಂಡ್ ಮೂಲಕ ಒಳಗೆ ತನ್ನಿ. ಒಳಹೋಗುವ ಮುನ್ನ ವೈರು ಕೆಳಗೆ ಜೋತು ಬಿದ್ದು ಮತ್ತೆ ಮೇಲೇರಲಿ, ವೈರಿನಗುಂಟ ಹರಿದ ನೀರು ಆ ಜೋತಿನ ತುದಿಯಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಜಾತ್ರೆಗೆ ಹೋಗುವಾಗ ಟಾಪಿನ ಮೇಲೆ ಜನರನ್ನಂತೂ ಕೂರಿಸಬೇಡಿ. ಕಾನೂನೂ ಒಪ್ಪುವುದಿಲ್ಲ, ಫೈಬರೂ ತಡೆಯುವುದಿಲ್ಲ.

ಪ್ರಶ್ನೆ: ಕೈಮಗ್ಗದ ಸೀರೆ ತುಂಬಿಕೊಂಡು ಸಂತೆಗೆ ಹೋಗುತ್ತೇನೆ. ಟಾಪಿನ ಹಿಂಬಾಗಿಲಿನ ಕಬ್ಜಾ ಮತ್ತು ಚಿಲಕದ ಬೋಲ್ಟುಗಳ ಸುತ್ತ ಬಿಸಿಲಿನ ಕಿರಣದಂತೆ ಬಿರುಕು ಬಿಟ್ಟಿದೆ. ಎಮ್-ಸೀಲ್ ತುಂಬಿದರೂ ಮತ್ತೆ ಬಿರಿಯುತ್ತದೆ.
— ಸೀರೆ ವ್ಯಾಪಾರಿ, ರಾಮದುರ್ಗ

ಉತ್ತರ: ಎಮ್-ಸೀಲ್ ಗಡುಸು, ಫೈಬರ್ ಬಾಗುತ್ತದೆ. ಎರಡಕ್ಕೂ ಹೊಂದಿಕೆಯಾಗದು. ಅಂಥ ಬಿರುಕಿಗೆ ಸಾಮಾನ್ಯವಾಗಿ ಮೂರು ಕಾರಣ: ತೂತು ಅಂಚಿಗೆ ತೀರಾ ಹತ್ತಿರ ಇರುವುದು, ಬೋಲ್ಟಿಗೆ ಉಸಿರಾಡಲೂ ಜಾಗವಿಲ್ಲದಷ್ಟು ಬಿಗಿ ತೂತು, ಬಾಗಿದ ಮೈಮೇಲೆ ಚಪ್ಪಟೆ ಕಬ್ಜಾ ಇಟ್ಟು ಬಿಗಿದದ್ದು. 6 ಮಿ.ಮೀ. ಬೋಲ್ಟಿಗೆ ತೂತು 6.5 ಮಿ.ಮೀ. ಇರಲಿ, ಅಂಚಿನಿಂದ ಕನಿಷ್ಠ 20 ಮಿ.ಮೀ. ದೂರವಿರಲಿ.

ಬಿರುಕು ಒಳಗಿನವರೆಗೆ ಇಳಿದಿದ್ದರೆ ಅದರ ತುದಿಗೊಂದು ಸಣ್ಣ ತೂತು ಹೊಡೆಯಿರಿ, ಮುಂದೆ ಓಡುವುದು ನಿಲ್ಲುತ್ತದೆ. ಒಳಮೈಯನ್ನು ಉಜ್ಜಿ ಎರಡು ಮೂರು ಪದರ ಫೈಬರ್ ಚಾಪೆಯನ್ನು ರೆಸಿನ್‌ನಲ್ಲಿ ಕೂರಿಸಿ, ಗಟ್ಟಿಯಾದ ಮೇಲೆ ಹೊಸ ತೂತು ಹೊಡೆಯಿರಿ. ಕಬ್ಜಾ ಮತ್ತು ಬಾಗಿದ ಮೈ ನಡುವಿನ ಸಂದಿಗೆ ದಪ್ಪ ರೆಸಿನ್ ಹಚ್ಚಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಕಬ್ಜಾ ಒತ್ತಿಡಿ. ಒಣಗಿದಾಗ ಅದರದೇ ಅಳತೆಯ ಗಾದಿ ಸಿದ್ಧವಾಗಿರುತ್ತದೆ. ಡ್ರಿಲ್ ಮಾಡುವಲ್ಲಿ ಟೇಪ್ ಅಂಟಿಸಿ, ಜೆಲ್‌ಕೋಟ್ ದಾಟುವವರೆಗೆ ಮಷೀನನ್ನು ಉಲ್ಟಾ ತಿರುಗಿಸಿದರೆ ಅಂಚು ಚಕ್ಕೆ ಏಳುವುದಿಲ್ಲ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಬೇಕು, ಆ ಧೂಳು ಗಾಜಿನದು. ರೆಸಿನ್ ಜೊತೆ ಕೋಬಾಲ್ಟ್ ಮತ್ತು ಹಾರ್ಡನರ್ ಬೇರೆ ಬೇರೆ ಕೊಟ್ಟಿದ್ದರೆ ಅವೆರಡನ್ನೂ ನೇರವಾಗಿ ಬೆರೆಸಲೇಬೇಡಿ, ಸಿಡಿಯುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್.

ಕೊನೆಯದಾಗಿ ನಾಲ್ವರಿಗೂ: ಮಿರಗದ ಮಳೆಗೆ ಮೊದಲೇ ಒಬ್ಬರು ಬ್ಯಾಟರಿ ಹಿಡಿದು ಟಾಪಿನೊಳಗೆ ಕೂತುಕೊಳ್ಳಿ. ಇನ್ನೊಬ್ಬರು ಕೆಳಗಿನ ಬೋಲ್ಟಿನಿಂದ ಶುರುಮಾಡಿ ಒಂದೊಂದಕ್ಕೇ ನೀರು ಸುರಿಯುತ್ತ ಮೇಲಕ್ಕೆ ಹೋಗಲಿ. ಹನಿ ಬಿದ್ದಲ್ಲೇ ತೂತು ಇರುವುದಿಲ್ಲ, ನೀರು ಇಳಿಜಾರಿನಲ್ಲಿ ಹರಿದು ಬಂದಿರುತ್ತದೆ. ಸೋರಿದ ಬೋಲ್ಟಿಗೆ ಮೇಲಿಂದ ತೇಪೆ ಹಚ್ಚದೆ ಬಿಚ್ಚಿ ಮತ್ತೆ ಕೂರಿಸಿ.