ಅಪ್ಪನ ರಕ್ತದ ಗುಂಪು

ಎಂಟು ವರ್ಷದ ಹಿಂದಿನ ಮಾತು. ತುಮಕೂರಿನ ಕಾಲೇಜಿನಲ್ಲಿ ದ್ವಿತೀಯ ಪಿಯುಸಿಗೆ ಮೆಂಡಲ್ ಪಾಠ ಮಾಡುತ್ತಿದ್ದೆ. ಬಟಾಣಿ ಗಿಡದ ಲೆಕ್ಕಕ್ಕೆ ಯಾರ ಮುಖವೂ ಅರಳಲಿಲ್ಲ. ಅವರವರ ರಕ್ತದಿಂದಲೇ ಕಲಿಸೋಣವೆಂದು ಲ್ಯಾಬಿಗೆ ಕರೆದೊಯ್ದೆ. ಒಬ್ಬೊಬ್ಬರಿಗೂ ಹೊಸ ಸೂಜಿ. ಗಾಜಿನ ಸ್ಲೈಡಿನ ಮೇಲೆ ರಕ್ತದ ಎರಡು ಹನಿ, ಒಂದಕ್ಕೆ ನೀಲಿ ಆಂಟಿ-ಎ, ಇನ್ನೊಂದಕ್ಕೆ ಹಳದಿ ಆಂಟಿ-ಬಿ. ರಕ್ತ ಕಾಳುಕಾಳಾಗಿ ಒಡೆಯುವುದನ್ನು ನೋಡಲು ಹಿಂದಿನ ಬೆಂಚಿನವರೂ ಮುಂದೆ ನುಗ್ಗಿದರು.

ಆ ಹುರುಪಿನಲ್ಲಿ ಎಡವಿದೆ. "ಅಪ್ಪ-ಅಮ್ಮನ ಗುಂಪೂ ಬರ್ಕೊಂಡು ಬನ್ನಿ" ಅಂದುಬಿಟ್ಟೆ.

ಕುಣಿಗಲ್ ಕಡೆಯ ಹುಡುಗಿಯೊಬ್ಬಳು ಎರಡು ದಿನ ಕಾಲೇಜಿಗೆ ಬರಲಿಲ್ಲ. ಅವಳದು ಒ, ಅಪ್ಪನ ಡ್ರೈವಿಂಗ್ ಲೈಸೆನ್ಸಿನಲ್ಲಿ ಎಬಿ. ಎಬಿ ತಂದೆಗೆ ಒ ಮಗು ಹುಟ್ಟದು ಎಂದು ಬೋರ್ಡಿನ ಮೇಲೆ ಬರೆದವಳು ನಾನೇ. ಮೂರನೇ ದಿನ ಅಪ್ಪ ಬಂದರು. "ಮೇಡಮ್ಮೋರೇ, ಮಗ್ಳು ಊಟ ಮುಟ್ಟಿಲ್ಲ. ಏನ್ ಹೇಳ್ಕೊಟ್ರಿ?"

ಜೊತೆಗೇ ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಅವರದು ಎ. ಲೈಸೆನ್ಸಿನ ಅರ್ಜಿಯಲ್ಲಿ ಯಾರೋ ಅಂದಾಜಿಗೆ ಎಬಿ ಎಂದು ತುಂಬಿದ್ದರು. ಅಮ್ಮನದು ಬಿ. ಇಬ್ಬರಲ್ಲೂ ಒಂದೊಂದು ಒ ಜೀನ್ ಅಡಗಿದ್ದರೆ ಒ ಮಗಳು ಹುಟ್ಟುವುದು ಸಹಜ. ಅಪ್ಪ ನಿಜಕ್ಕೂ ಎಬಿ ಆಗಿದ್ದರೂ ನನ್ನ ಬೋರ್ಡಿನ ಮಾತು ಕೊನೆಯದಲ್ಲ. 1952ರಲ್ಲಿ ಭೇಂಡೆ ಮತ್ತು ಸಂಗಡಿಗರು ವರದಿ ಮಾಡಿದ ಬಾಂಬೆ ಗುಂಪಿನವರು ಎ, ಬಿ ಜೀನ್ ಇದ್ದರೂ ಮಾಮೂಲಿ ಪರೀಕ್ಷೆಯಲ್ಲಿ ಒ ಎಂದೇ ಕಾಣುತ್ತಾರೆ. ಅದನ್ನು ನಾನು ಹೇಳಿಯೇ ಇರಲಿಲ್ಲ.

ಬೆರಳು ಚಾಚಿದ್ದು ಮಗಳು, ಬಯಲಿಗೆ ಬರುತ್ತಿದ್ದುದು ಅಪ್ಪ-ಅಮ್ಮನ ಸಂಸಾರ. ಅವರನ್ನು ನಾನು ಕೇಳಿರಲಿಲ್ಲ. 2010ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯ ಹೊಸ ವಿದ್ಯಾರ್ಥಿಗಳ ಎಂಜಲು ತರಿಸಿ ಮೂರು ಜೀನ್ ಪರೀಕ್ಷಿಸಹೊರಟಾಗ, ಒಬ್ಬೊಬ್ಬರ ಫಲಿತಾಂಶ ಅವರವರಿಗೆ ಕೊಡುವುದನ್ನು ಕ್ಯಾಲಿಫೋರ್ನಿಯಾದ ಆರೋಗ್ಯ ಇಲಾಖೆ ತಡೆಯಿತು. ನನ್ನನ್ನು ತಡೆಯುವವರು ಯಾರೂ ಇರಲಿಲ್ಲ.

ಈಗ ಗುಂಪು ಬರೆದ ಚೀಟಿಗಳು ಹೆಸರಿಲ್ಲದೆ ಡಬ್ಬಿಗೆ ಬೀಳುತ್ತವೆ. ಇಡೀ ತರಗತಿಯ ಎ, ಬಿ, ಒ ಎಣಿಸಿ ಜೀನುಗಳ ಪ್ರಮಾಣ ಲೆಕ್ಕ ಹಾಕುತ್ತೇವೆ. ಸೂಜಿ ಬೇಡವೆಂದವರು ಎಣಿಸುವ ಕೆಲಸ ನೋಡಿಕೊಳ್ಳುತ್ತಾರೆ. ಕೆಲವರಿಗೆ ಕಹಿ, ಕೆಲವರಿಗೆ ಸಪ್ಪೆಯೆನಿಸುವ ಪಿಟಿಸಿ ಕಾಗದವನ್ನೂ ನಾಲಿಗೆಗೆ ಇಡಿಸುತ್ತೇನೆ. ಹೋದ ವರ್ಷ ಗುಬ್ಬಿಯ ಹುಡುಗನೊಬ್ಬ, ಅಪ್ಪ-ಅಮ್ಮನಿಗೂ ಕೊಡಲು ಉಳಿದ ಕಾಗದ ಮನೆಗೆ ಒಯ್ಯಲೇ ಎಂದ. ಬೇಡಪ್ಪ ಎಂದೆ.

ಹೊಸದಾಗಿ ಸೇರುವ ಜೀವಶಾಸ್ತ್ರದ ಉಪನ್ಯಾಸಕರಿಗೆ ಹೇಳುವುದಿಷ್ಟೇ: ಮಕ್ಕಳ ರಕ್ತದ ಗುಂಪು ನೋಡಿಸಿ, ಅವರು ಆ ಪಾಠ ಮರೆಯುವುದಿಲ್ಲ. ಅಪ್ಪ-ಅಮ್ಮನ ಗುಂಪು ಮಾತ್ರ ಕೇಳಬೇಡಿ.