ಅರಿಷಿಣ ಹಾಲಿಗೆ ಕಾಳುಮೆಣಸು ಯಾಕೆ?

ಪ್ರಶ್ನೆ: ಕೆಮ್ಮು ಬಂದ್ರ ನಮ್ಮ ಆಯಿ ಬಿಸಿ ಹಾಲಿಗೆ ಅರಿಷಿಣ ಹಾಕಿ, ಮ್ಯಾಲ ನಾಕು ಕಾಳುಮೆಣಸು ಕುಟ್ಟಿ ಉದುರಸ್ತಾಳ. ಚೀನಾದಾಗ ಹಿಂಗ ಎರಡೆರಡು ಬೇರು ಜೋಡಿ ಮಾಡಿ ಕುದಿಸ್ತಾರಂತ, ಅದರ ರಸಾಯನ ಪರೀಕ್ಷೆನೂ ಆಗ್ಯಾದಂತ. ನಮ್ಮ ಜೋಡಿ ಯಾರರೆ ಪರೀಕ್ಷೆ ಮಾಡ್ಯಾರೇನ್ರಿ?
ಓದುಗರೊಬ್ಬರು, ಹುಡಗಿ (ತಾ. ಹುಮನಾಬಾದ್)

ಉತ್ತರ: ಮಾಡ್ಯಾರ್ರಿ, ಅದೂ ಬೆಂಗಳೂರಿನಲ್ಲೇ, ನಿಮ್ಮ ಆಯಿ ಹಾಕುವ ಇದೇ ಜೋಡಿಯನ್ನು. ಅರಿಷಿಣಕ್ಕೆ ಹಳದಿ ಬಣ್ಣ ಬರುವುದು ಕರ್ಕ್ಯುಮಿನ್‌ನಿಂದ, ಮೆಣಸಿಗೆ ಖಾರ ಬರುವುದು ಪೈಪರಿನ್‌ನಿಂದ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ರಕ್ತ ತೆಗೆದು ನೋಡಿದರು. ಸಿಕ್ಕಿದ್ದು ಇಲ್ಲವೆನ್ನುವಷ್ಟು. ಅದರ ಜೊತೆ ಬರೀ 20 ಮಿಲಿಗ್ರಾಂ ಪೈಪರಿನ್ ಸೇರಿಸಿದಾಗ ದೇಹಕ್ಕೆ ದಕ್ಕಿದ ಕರ್ಕ್ಯುಮಿನ್ ಶೇ. 2000ರಷ್ಟು ಹೆಚ್ಚಿತು. ಈ ಫಲಿತಾಂಶ ಪ್ರಕಟವಾದದ್ದು 1998ರಲ್ಲಿ.

ನಮ್ಮ ಕರುಳು, ಯಕೃತ್ತುಗಳಿಗೆ ಕರ್ಕ್ಯುಮಿನ್ ಹೊರಗಿನವನು. ಅದಕ್ಕೊಂದು ಸಕ್ಕರೆಯಂಥ ಆಮ್ಲವನ್ನು ಅಂಟಿಸಿ, ನೀರಲ್ಲಿ ಕರಗುವಂತೆ ಮಾಡಿ ಸಾಗಹಾಕುತ್ತವೆ. ಈ ಅಂಟಿಸುವ ಕೆಲಸಕ್ಕೆ ಪೈಪರಿನ್ ಅಡ್ಡಗಾಲು ಹಾಕುತ್ತದೆ. ಹಾಲಿನದೂ ಒಂದು ಪಾಲಿದೆ: ಅರಿಷಿಣವನ್ನು ತಣ್ಣೀರಿಗೆ ಕಲಸಿಟ್ಟು ನೋಡಿ, ಸ್ವಲ್ಪ ಹೊತ್ತಿಗೇ ತಳಕ್ಕೆ ಕೂಡುತ್ತದೆ. ಬಿಸಿ ತುಪ್ಪಕ್ಕೆ ಹಾಕಿದರೆ ತುಪ್ಪವೇ ಹಳದಿಯಾಗುತ್ತದೆ. ಜಿಡ್ಡಿದ್ದರೇನೇ ಕರ್ಕ್ಯುಮಿನ್ ಕರಗುವುದು.

ಚೀನಿಯರು ಹೆಚ್ಚಾಗಿ ನೋಡಿದ್ದು ರಕ್ತವನ್ನಲ್ಲ, ಕುದಿಯುವ ಪಾತ್ರೆಯನ್ನು. ಹುವಾಂಗ್‌ಚಿ, ದಾಂಗ್‌ಗುಯಿ ಎಂಬ ಎರಡು ಬೇರುಗಳನ್ನು 5ಕ್ಕೆ 1ರ ಪ್ರಮಾಣದಲ್ಲಿ ಕುದಿಸಬೇಕೆಂದು 1247ರ ಗ್ರಂಥವೊಂದು ಹೇಳುತ್ತದೆ. ಹಾಂಗ್‌ಕಾಂಗ್‌ನ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದವರು ಬೇರೆ ಬೇರೆ ಪ್ರಮಾಣದಲ್ಲಿ ಕಷಾಯ ಮಾಡಿ ಅದರ ಅಂಶಗಳನ್ನು ಯಂತ್ರದಲ್ಲಿ ಬಿಡಿಸಿ ಅಳೆದರು. ಮುಖ್ಯ ಅಂಶಗಳು ಚೆನ್ನಾಗಿ ಇಳಿದದ್ದು ಹಳೆಯ ಆ 5:1ರಲ್ಲೇ! ದಾಂಗ್‌ಗುಯಿಯ ಲಿಗಸ್ಟಿಲೈಡ್ ಎಂಬ ಎಣ್ಣೆಯಂಥ ಅಂಶ ಮಾತ್ರ ಅದರಲ್ಲಿ ಕಡಿಮೆಯಾಗಿತ್ತು.

ಆದರೆ ಶೇ. 2000 ಎಂದು ಕೇಳಿ ಹಿಗ್ಗಬೇಡಿ. ಒಂದು ಚಮಚ ಅರಿಷಿಣ ಅಂದರೆ ಸುಮಾರು 3 ಗ್ರಾಂ, ಅದರಲ್ಲಿ ಕರ್ಕ್ಯುಮಿನ್ 100 ಮಿಲಿಗ್ರಾಂ ಆಸುಪಾಸು. ಪ್ರಯೋಗದ 2 ಗ್ರಾಂ ಆಗಬೇಕಾದರೆ ಆಯಿ 20 ಚಮಚ ಸುರಿಯಬೇಕು. ಆ 20 ಮಿಲಿಗ್ರಾಂ ಪೈಪರಿನ್‌ಗೆ ಮಾತ್ರ ಎಂಟು-ಹತ್ತು ಮೆಣಸಿನ ಕಾಳು ಸಾಕು. ಅದೂ ಅಲ್ಲದೆ, ಇಲ್ಲವೆನ್ನುವಷ್ಟು ಇದ್ದದ್ದು ಇಪ್ಪತ್ತು ಪಟ್ಟಾದರೂ ಬಹಳವೇನೂ ಆಗುವುದಿಲ್ಲ. ರಕ್ತಕ್ಕೆ ಸೇರುವುದು ಬೇರೆ, ಕೆಮ್ಮು ನಿಲ್ಲುವುದು ಬೇರೆ. ಬೆಂಗಳೂರಿನವರು ಅಳೆದದ್ದು ಮೊದಲನೆಯದನ್ನು ಮಾತ್ರ.

ಇನ್ನೊಂದು ಮಾತು. ಪೈಪರಿನ್ ಅಡ್ಡಗಾಲು ಹಾಕುವುದು ಅರಿಷಿಣವನ್ನು ಸಾಗಹಾಕುವ ಕೆಲಸಕ್ಕೊಂದೇ ಅಲ್ಲ. ಮೂರ್ಛೆರೋಗದ ಫೆನಿಟೋಯಿನ್, ರಕ್ತದೊತ್ತಡದ ಪ್ರೊಪ್ರನೊಲಾಲ್, ಉಬ್ಬಸದ ಥಿಯೋಫಿಲಿನ್ ಗುಳಿಗೆಗಳೂ ಅದರಿಂದ ರಕ್ತದಲ್ಲಿ ಏರುತ್ತವೆ. ಅರಿಷಿಣ-ಮೆಣಸಿನ ಸಾರದ ಗಟ್ಟಿ ಕ್ಯಾಪ್ಸೂಲ್ ನುಂಗಿ ಯಕೃತ್ತು ಕೆಡಿಸಿಕೊಂಡವರೂ ಇದ್ದಾರೆ. ಆಯಿ ಕೊಡುವ ಹಾಲು ಕುಡೀರಿ, ಅಡ್ಡಿಯಿಲ್ಲ. ಕ್ಯಾಪ್ಸೂಲ್ ಕೊಳ್ಳುವ ಮುಂಚೆ ಮಾತ್ರ ನೀವು ದಿನಾ ತಗೊಳ್ಳೋ ಗುಳಿಗೆಗಳ ಚೀಟಿಯನ್ನು ಡಾಕ್ಟರಿಗೆ ತೋರಿಸಿರಿ.